ಹುಳುವಿಗೆ ಬಿಟ್ಟ ಐದು ಸಾಲು

ಶೀಗಿ ಹುಣ್ಣಿಮೆಯ ದಿನ ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಕಡುಬು, ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಪುಂಡಿ ಪಲ್ಯಗಳ ಬುಟ್ಟಿ ಹೊತ್ತು ಇಡೀ ಮನೆತನ ಹೊಲ ಸೇರಿರುತ್ತದೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ, ಎಡೆಯ ಅಡಿಗೆಯನ್ನು ಹೊಲದ ನಾಲ್ಕೂ ದಿಕ್ಕಿಗೆ ಎರಚುತ್ತಾರೆ. ಇದೇ ಚರಗ. ಬೆಳೆ ಹೊತ್ತು ನಿಂತ ಭೂಮಿತಾಯಿ ಬಸುರಿ, ಆಕೆಯ ಬಯಕೆ ತೀರಿಸುವ ಊಟವಿದು ಎಂಬುದು ನಂಬಿಕೆ.

ಚರಗದ ಪಾಲು ಭೂಮಿಗಷ್ಟೇ ಅಲ್ಲ, ಹುಳ-ಹುಪ್ಪಡಿಗೂ ಹಕ್ಕಿ-ಪಕ್ಷಿಗೂ ಸೇರಿದ್ದು ಎನ್ನುವ ಹಿರಿಯರಿದ್ದಾರೆ. ಚೆಲ್ಲಿದ ಅನ್ನಕ್ಕೆಂದು ಬಂದ ಹಕ್ಕಿಗಳು ಬೆಳೆಯ ಮೇಲಿನ ಕೀಡಿಯನ್ನೂ ತಿಂದು ಹೋಗುತ್ತವೆ ಎಂದು ಆಚರಣೆಗೆ ಕಾರಣ ಕೊಡುವವರೂ ಇದ್ದಾರೆ. ಕಾರಣ ಏನೇ ಇರಲಿ, ಹೊಲದಲ್ಲಿ ಹುಳುವಿಗೂ ಒಂದು ಪಾಲುಂಟು ಎಂಬ ಮಾತು ಇಲ್ಲಿ ಹೊಸದಲ್ಲ.

ಆದರೆ ಅದೇ ಮಾತನ್ನು 2002ರಲ್ಲಿ ಭಾರತ ಸರ್ಕಾರವೇ ನಿಯಮವಾಗಿ ಬರೆದಿತ್ತು ಎಂದರೆ ಅನೇಕರಿಗೆ ಅಚ್ಚರಿಯಾದೀತು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ನೀಡುವಾಗ ಸರ್ಕಾರ ಒಂದು ಷರತ್ತು ಹಾಕಿತು. ಬಿಟಿ ಹತ್ತಿ ಬಿತ್ತಿದ ಹೊಲದ ಸುತ್ತ ಬಿಟಿ ಅಲ್ಲದ ಹತ್ತಿಯನ್ನು ಕನಿಷ್ಠ ಐದು ಸಾಲು ಹಾಕಬೇಕು; ಇಲ್ಲವೇ ಜಮೀನಿನ ಶೇ 20ರಷ್ಟು ಭಾಗದಲ್ಲಿ ಬೆಳೆಯಬೇಕು; ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು. ಅದಕ್ಕೆಂದೇ 450 ಗ್ರಾಂ ಬಿಟಿ ಬೀಜದ ಜೊತೆಗೆ 120 ಗ್ರಾಂನ ಒಂದು ಚಿಕ್ಕ ಪೊಟ್ಟಣವೂ ರೈತರ ಕೈ ಸೇರುತ್ತಿತ್ತು. ಅದರಲ್ಲಿದ್ದುದು ಹುಳು ತಿನ್ನಲೆಂದೇ ಬೆಳೆಸಬೇಕಾದ ಹತ್ತಿಯ ಬೀಜ.

ಆ ಪೊಟ್ಟಣಗಳಲ್ಲಿ ಬಹುಪಾಲು ಮಣ್ಣು ಸೇರಲೇ ಇಲ್ಲ. ಅದು ಯಾಕಾಗಿ ಬಂತು, ಬಿತ್ತದೆ ಉಳಿದದ್ದರಿಂದ ಆದದ್ದೇನು ಎಂದು ತಿಳಿಯಲು ಸುಮಾರು 180 ವರ್ಷ ಹಿಂದಕ್ಕೆ ಹೋಗಬೇಕು. ಅದಕ್ಕೂ ಮೊದಲು ಹುಳುವಿಗೂ ಎಲೆಗೂ ಇರುವ ನಂಟನ್ನು ಸ್ವಲ್ಪ ನೋಡಬೇಕು.

ಎಲೆ ಬಲ್ಲ ಹುಳು

ಕಂಬಳಿಹುಳು, ಸೈನಿಕ ಹುಳು, ಕಾಯಿಕೊರಕ, ಕಾಂಡಕೊರಕ ಎಂದು ಹೆಸರು ನೂರಿದ್ದರೂ ಇವೆಲ್ಲ ಚಿಟ್ಟೆ ಅಥವಾ ಪತಂಗಗಳ ಮರಿಗಳೇ. ಉತ್ತರ ಕರ್ನಾಟಕದ ರೈತ ಇವಕ್ಕೆಲ್ಲ ಒಟ್ಟಾಗಿ ಕೀಡಿ ಎನ್ನುತ್ತಾನೆ. ಚಿಟ್ಟೆ ಹೂವಿನಿಂದ ಹೂವಿಗೆ ಹಾರಿ ಯಾವ ಮಕರಂದವನ್ನಾದರೂ ಹೀರೀತು. ಅದರ ಮರಿಗೆ ಆ ಸ್ವಾತಂತ್ರ್ಯವಿಲ್ಲ. ಲಿಂಬೆ ಗಿಡದ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುತ್ತ ಕೂತು, ಬೆಳೆದ ಮೇಲೆ ಹಸಿರಾಗುವ ಹುಳುವನ್ನು ಬಹಳ ಜನ ನೋಡಿರುತ್ತಾರೆ. ಅದು ಕರಿಬೇವನ್ನೂ ತಿನ್ನುತ್ತದೆ, ಶಿವನಿಗೇರಿಸುವ ಪತ್ರಿಯನ್ನೂ ತಿನ್ನುತ್ತದೆ. ಮೂರೂ ಒಂದೇ ಸಸ್ಯ ಕುಟುಂಬದವು ಎಂಬುದು ಸಸ್ಯಶಾಸ್ತ್ರ ಓದಿದವರಿಗೆ ಗೊತ್ತು. ಹುಳುವಿಗೆ ಓದದೆಯೇ ಗೊತ್ತು. ಬೇರೆ ಎಲೆ ಕೊಟ್ಟರೆ ಅದು ಉಪವಾಸ ಸಾಯುತ್ತದೆ. ಎಕ್ಕೆಯ ಎಲೆ ತಿಂದು ಬೆಳೆಯುವ ಇನ್ನೊಂದು ಹುಳು ಆ ಗಿಡದ ಹಾಲಿನ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಒಮ್ಮೆ ತಿಂದು ಕಹಿಯುಂಡ ಹಕ್ಕಿ ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ತಂಗಡಿ, ಕಕ್ಕೆ, ಈಶ್ವರಿ ಬಳ್ಳಿ, ಬದುವಿನ ಚಗಚೆ, ಹೀಗೆ ಒಂದೊಂದಕ್ಕೂ ಅದರದೇ ಹುಳುಗಳಿವೆ. ಹುಳುವಿಗೆ ಹುಟ್ಟೂರಿನಂತಿರುವ ಇಂಥ ಗಿಡವನ್ನು ಆಸರೆ ಗಿಡ ಎನ್ನಬಹುದು.

ಇಷ್ಟು ಸರಳ ಸಂಗತಿ ಪುಸ್ತಕಕ್ಕೆ ಬಂದದ್ದು ತಡವಾಗಿ. ಹದಿನೇಳನೆಯ ಶತಮಾನದ ಯೂರೋಪಿನಲ್ಲಿ ಹುಳು ಕೆಸರಿನಿಂದಲೋ ಕೊಳೆತ ವಸ್ತುವಿನಿಂದಲೋ ತಾನಾಗಿ ಹುಟ್ಟುತ್ತದೆ ಎಂದು ನಂಬಿದವರೇ ಹೆಚ್ಚು. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಮರಿಯಾ ಸಿಬಿಲ್ಲಾ ಮೇರಿಯನ್ ಎಂಬ ಚಿತ್ರಕಾರ್ತಿ ಹದಿಮೂರರ ವಯಸ್ಸಿನಲ್ಲೇ ರೇಷ್ಮೆ ಹುಳು ಸಾಕಲು ತೊಡಗಿದ್ದಳು. 1679ರಲ್ಲಿ ಆಕೆ ಪ್ರಕಟಿಸಿದ ಪುಸ್ತಕದಲ್ಲಿ ಪ್ರತಿ ಹುಳುವೂ ತಾನು ತಿನ್ನುವ ಗಿಡದ ಮೇಲೆಯೇ ಕೂತಿತ್ತು. ಮೊಟ್ಟೆ, ಹುಳು, ಕೋಶ, ಚಿಟ್ಟೆ ನಾಲ್ಕೂ ಒಂದೇ ಚಿತ್ರದಲ್ಲಿದ್ದವು. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಜಾನ್ ಅಬಟ್ ಎಂಬ ಚಿತ್ರಕಾರನೂ ಜಾರ್ಜಿಯಾ ಪ್ರಾಂತದ ಹುಳುಗಳನ್ನು ಗಿಡಸಮೇತ ಬರೆದ. ಆ ಚಿತ್ರಗಳ ಪುಸ್ತಕ 1797ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲಿದ್ದ ಮಾಸಲು ಬಣ್ಣದ ಒಂದು ಪತಂಗಕ್ಕೆ ವಿವರಣೆಕಾರ ಜೇಮ್ಸ್ ಎಡ್ವರ್ಡ್ ಸ್ಮಿತ್ ಬೆಳೆಹಾನಿ ಎಂಬರ್ಥದ ಲ್ಯಾಟಿನ್ ಹೆಸರಿಟ್ಟ. ಆ ಪತಂಗದ ಮಾತು ಮುಂದೆ ಬರಲಿದೆ.

ಒಂದೊಂದು ಹುಳು ಒಂದೊಂದು ಗಿಡಕ್ಕೆ ಅಂಟಿಕೊಂಡಿರುವುದೇಕೆ? ಅಮೆರಿಕದ ಪಾಲ್ ಎರ್ಲಿಕ್ ಮತ್ತು ಪೀಟರ್ ರೇವನ್ 1964ರಲ್ಲಿ ಕೊಟ್ಟ ಉತ್ತರ ಇಂದಿಗೂ ಈ ವಿಷಯದ ಬುನಾದಿ. ಗಿಡ ಓಡಲಾರದು, ಅದಕ್ಕೇ ಎಲೆಯಲ್ಲಿ ಕಹಿ, ಒಗರು, ವಿಷ ತುಂಬಿಕೊಳ್ಳುತ್ತದೆ. ಯಾವುದೋ ಒಂದು ಹುಳು ಆ ವಿಷವನ್ನು ಅರಗಿಸುವ ಬಗೆ ಕಂಡುಕೊಳ್ಳುತ್ತದೆ. ಗಿಡ ಬೀಗ ಬದಲಿಸುತ್ತದೆ, ಹುಳು ಕೀಲಿ ಬದಲಿಸುತ್ತದೆ. ಲಕ್ಷಾಂತರ ವರ್ಷ ನಡೆದ ಈ ಜಗ್ಗಾಟದಲ್ಲಿ ಒಂದು ಎಲೆಯಲ್ಲಿ ಪಳಗಿದ ಹುಳು ಬೇರೆ ಎಲೆಗೆ ಪರಕೀಯವಾಗುತ್ತದೆ.

ಇವುಗಳ ಬದುಕು ಬರೀ ತಿನ್ನುವುದಲ್ಲ, ತಿನಿಸಾಗುವುದೂ ಹೌದು. ಗುಬ್ಬಿ, ಗೀಜಗಗಳನ್ನು ಕಾಳು ತಿನ್ನುವ ಹಕ್ಕಿಗಳೆಂದೇ ನಾವು ಬಲ್ಲೆವು. ಗೂಡಿನಲ್ಲಿ ಮರಿಗಳಿರುವಾಗ ಅವೂ ಮೆತ್ತನೆಯ ಹುಳು ಹುಡುಕಿ ತಂದು ಉಣಿಸುತ್ತವೆ. ಎಳೆಯ ಗಂಟಲಿಗೆ ಕಾಳು ಇಳಿಯದು. ತೆನೆಯ ಕಾಲಕ್ಕೆ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಓಡಿಸುವ ಹಕ್ಕಿಯೇ ಎರಡು ತಿಂಗಳ ಹಿಂದೆ ಅದೇ ಬೆಳೆಯ ಕೀಡಿ ಆರಿಸಿರುತ್ತದೆ. ಚೀನಾ 1958ರಲ್ಲಿ ಗುಬ್ಬಿಗಳನ್ನು ಕಾಳುಗಳ್ಳರೆಂದು ದೇಶದ ತುಂಬ ಕೊಲ್ಲಿಸಿತು. ಹೊಲಗಳಲ್ಲಿ ಕೀಟಗಳು ಮಿತಿಮೀರಿದ ಮೇಲೆ 1960ರಲ್ಲಿ ಪಟ್ಟಿಯಿಂದ ಗುಬ್ಬಿಯ ಹೆಸರು ತೆಗೆದು ತಿಗಣೆಯ ಹೆಸರು ಸೇರಿಸಿತು.

ಕುಮಟಾ ಹತ್ತಿಯಿಂದ ವರಲಕ್ಷ್ಮಿಗೆ

1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗೆಜೆಟಿಯರಿನ ಧಾರವಾಡ ಸಂಪುಟದಲ್ಲಿ ಹಿರೇಕೆರೂರು ಎಂಬ ತಾಲ್ಲೂಕು ಸಿಗುವುದಿಲ್ಲ. ಆಗ ಇದಕ್ಕೆ ಕೋಡ ತಾಲ್ಲೂಕು ಎಂದು ಹೆಸರು. ಕಚೇರಿ ಮಾತ್ರ ಹಿರೇಕೆರೂರಿನಲ್ಲಿತ್ತು. ಪಶ್ಚಿಮಕ್ಕೆ ಹಾನಗಲ್ಲಿನ ಕಡೆ ಭತ್ತದ ಮಲೆನಾಡಿನ ಸೆರಗು, ಪೂರ್ವಕ್ಕೆ ಎರೆಭೂಮಿ, ನಡುವೆ ಕೆರೆಗಳ ಕೆಂಪು ನೆಲ. 1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೂ ಈ ಸೀಮೆ ಧಾರವಾಡಕ್ಕೇ ಸೇರಿತ್ತು. ಹತ್ತಿಯ ವಿಷಯದಲ್ಲಿ ಧಾರವಾಡದ ಚರಿತ್ರೆಯೇ ಇದರದ್ದೂ ಹೌದು.

ಇಲ್ಲಿನ ಮೂಲದ ಹತ್ತಿ ಜವಾರಿ. ಕುಮಟಾ ಬಂದರಿನ ಮೂಲಕ ಹಡಗು ಹತ್ತುತ್ತಿದ್ದುದರಿಂದ ವ್ಯಾಪಾರಿಗಳ ಬಾಯಲ್ಲಿ ಅದು ಕುಮಟಾ ಹತ್ತಿಯಾಯಿತು. ಎಳೆ ಗಿಡ್ಡ, ಇಳುವರಿ ಸಾಧಾರಣ. ಆದರೆ ಗಿಡ ಗಟ್ಟಿ. ಹಿಂಗಾರಿಗೆ ಮುನ್ನ ಬಿತ್ತಿದರೆ ಎರೆಮಣ್ಣಿನ ತೇವದಲ್ಲೇ ಬೆಳೆದು ಬೇಸಗೆಯ ಹೊತ್ತಿಗೆ ಕಾಯಿ ಒಡೆಯುತ್ತಿತ್ತು. ಸಾಲುಗಳ ನಡುವೆ ನವಣೆ, ಅಕ್ಕಡಿಗೆ ತೊಗರಿ, ಬದುವಿಗೆ ಔಡಲ ಇರುತ್ತಿದ್ದವು. ಹುಳು ಆಗಲೂ ಇತ್ತು. ತುತ್ತಿ ಗಿಡ, ಬೆಂಡೆ, ಹತ್ತಿ ಮೂರೂ ಒಂದೇ ಬಳಗದ ಗಿಡಗಳಾದ್ದರಿಂದ ಚುಕ್ಕೆ ಕಾಯಿಕೊರಕ ಮೂರರ ನಡುವೆ ಓಡಾಡಿಕೊಂಡಿತ್ತು. ಅದರ ಬೆನ್ನಿಗೆ ಅದರ ಮೊಟ್ಟೆಯೊಳಗೆ ಮೊಟ್ಟೆಯಿಡುವ ಸೂಜಿಮೊನೆಯಷ್ಟು ಚಿಕ್ಕ ಕಣಜವೂ ಓಡಾಡಿಕೊಂಡಿತ್ತು.

1840ರ ದಶಕದ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆತಂದು ದೇಶದ ಹಲವೆಡೆ ಪ್ರಯೋಗಕ್ಕಿಳಿಸಿತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ನೀಳ ಎಳೆಯ ಹತ್ತಿ ಬೇಕಾಗಿತ್ತು. ಬಹುತೇಕ ಎಲ್ಲ ಕಡೆ ಸೋತ ಈ ಪ್ರಯೋಗ ಧಾರವಾಡದಲ್ಲಿ ಮಾತ್ರ ಬೇರೂರಿತು. ನ್ಯೂ ಆರ್ಲಿಯನ್ಸ್ ಬೀಜದಿಂದ ಬಂದ ಹತ್ತಿಗೆ ಧಾರವಾಡ-ಅಮೆರಿಕನ್ ಎಂಬ ಹೆಸರೇ ನಿಂತಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು.

ಅದೇ 1840ರ ದಶಕದಲ್ಲಿ ಇನ್ನೊಂದು ಸಣ್ಣ ಘಟನೆ ನಡೆಯಿತು. ಗುಜರಾತಿನ ಭರೂಚಿನಲ್ಲಿ ಹತ್ತಿಕಾಯಿ ಕೊರೆಯುತ್ತಿದ್ದ ಒಂದು ಹುಳುವನ್ನು ಇಂಗ್ಲೆಂಡಿಗೆ ಕಳಿಸಿದರು. ಡಬ್ಲ್ಯು. ಡಬ್ಲ್ಯು. ಸಾಂಡರ್ಸ್ ಎಂಬ ಕೀಟಶಾಸ್ತ್ರಜ್ಞ ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. ಇದೇ ಗುಲಾಬಿ ಕಾಯಿಕೊರಕ. ಗಿಡ ಬದಲಿಸಲು ಹೊರಟವರ ಕಾಗದಪತ್ರಗಳಲ್ಲೇ ಹುಳುವಿನ ಹೆಸರೂ ಹೀಗೆ ನಮೂದಾಯಿತು.

ಸ್ವಾತಂತ್ರ್ಯಾನಂತರ ಗಿಡ ಮತ್ತಷ್ಟು ಬದಲಾಯಿತು. ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಹತ್ತಿಯನ್ನು ಹೊರತಂದರು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವಾಣಿಜ್ಯ ಬೆಳೆಯಾಗಿ ತಂದ ಮೊದಲ ಹೈಬ್ರಿಡ್ ಅದು. ತಾಯಿ ಧಾರವಾಡದ್ದೇ ಆದ ಲಕ್ಷ್ಮಿ ತಳಿ. 1981ರಲ್ಲಿ ಡಿಸಿಎಚ್-32, ಅಂದರೆ ಜಯಲಕ್ಷ್ಮಿ ಬಂತು. ಹೆಂಗಸರು, ಮಕ್ಕಳು ಸಂಜೆ ಮೊಗ್ಗಿನ ಕೇಸರ ಕಿತ್ತು ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ಒರೆಸಿ ಒಂದೊಂದೇ ಕಾಯಿ ಕಟ್ಟಿಸುವ ಬೀಜೋತ್ಪಾದನೆಯ ಕೆಲಸ ಅನೇಕ ಹಳ್ಳಿಗಳಿಗೆ ಕೂಲಿ ತಂದಿತು. ರೇಷ್ಮೆಯಂಥ ಎಳೆ, ಒಳ್ಳೆಯ ದರ. ಇದನ್ನು ಕಡಿಮೆ ಸಾಧನೆ ಎನ್ನುವಂತಿಲ್ಲ.

ಆದರೆ ಆರೇಳು ತಿಂಗಳು ಹಸಿರಾಗಿ ನಿಲ್ಲುವ, ನೀರು-ಗೊಬ್ಬರ ಉಂಡು ಸೊಂಪಾದ ಈ ಗಿಡ ಹುಳುವಿಗೆ ಹಬ್ಬದೂಟ. ಜವಾರಿ ಗಿಡದ ಗಟ್ಟಿತನ ಇದಕ್ಕಿರಲಿಲ್ಲ. ಡಿಡಿಟಿ, ಎಂಡೋಸಲ್ಫಾನ್‌ಗಳ ಬಳಿಕ 1980ರ ದಶಕದ ಆರಂಭದಲ್ಲಿ ಪೈರಿಥ್ರಾಯ್ಡ್ ಎಂಬ ಹೊಸ ಜಾತಿಯ ಔಷಧಿ ಬಂತು. ಮೊದಲ ಎರಡು ಮೂರು ವರ್ಷ ಹೊಲ ತೊಳೆದಿಟ್ಟಂತೆ ಆಯಿತು. 1987ರ ಹೊತ್ತಿಗೆ ನೆರೆಯ ಆಂಧ್ರದ ಕರಾವಳಿ ಜಿಲ್ಲೆಗಳಲ್ಲಿ ಹಸಿರು ಕಾಯಿಕೊರಕ ಅದಕ್ಕೆ ಜಗ್ಗದಾಯಿತು. ಹುಳುವಿನ ಜೊತೆ ಅದನ್ನು ತಿನ್ನುವ ಕಣಜ, ಜೇಡ, ಗುಲಗಂಜಿ ಹುಳುಗಳೂ ಸತ್ತಿದ್ದರಿಂದ ಬಿಳಿನೊಣ ಬೇರೆ ಎದ್ದಿತು. ದೇಶದ ಸಾಗುವಳಿ ಭೂಮಿಯಲ್ಲಿ ಶೇ 5ರಷ್ಟಿದ್ದ ಹತ್ತಿ, ಕೀಟನಾಶಕಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟನ್ನು ಕುಡಿಯತೊಡಗಿತು. ಔಷಧಿ ಅಂಗಡಿಯ ಸಾಲ ತೀರದೆ ಅದೇ ಡಬ್ಬಿಯ ಔಷಧಿ ಕುಡಿದ ರೈತರ ಸುದ್ದಿ 1990ರ ದಶಕದ ಕೊನೆಗೆ ಪತ್ರಿಕೆಗಳ ಮುಖಪುಟಕ್ಕೆ ಬಂತು.

ಪೊಟ್ಟಣದೊಳಗಿನ ಲೆಕ್ಕ

ಬಿಟಿ ಎಂಬ ಎರಡಕ್ಷರದ ಹಿಂದೆಯೂ ಹುಳುವಿನ ಕತೆಯೇ ಇದೆ. ಜಪಾನಿನಲ್ಲಿ ರೇಷ್ಮೆ ಹುಳುಗಳು ಇದ್ದಕ್ಕಿದ್ದಂತೆ ಕುಸಿದು ಸಾಯುತ್ತಿದ್ದ ರೋಗವೊಂದಿತ್ತು. ಶಿಗೆತಾನೆ ಇಶಿವಾತ 1901ರಲ್ಲಿ ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಗುರುತಿಸಿದ. ಮುಂದೆ ಜರ್ಮನಿಯ ತುರಿಂಜಿಯಾ ಪ್ರಾಂತದ ಹಿಟ್ಟಿನ ಹುಳುವಿನಲ್ಲೂ ಅದೇ ಸಿಕ್ಕಿ, ಆ ಪ್ರಾಂತದ ಹೆಸರೇ ಅದಕ್ಕೆ ಅಂಟಿತು. ಈ ಬ್ಯಾಕ್ಟೀರಿಯಾದ ವಿಷದ ವಂಶವಾಹಿಯನ್ನು ಹತ್ತಿಗೆ ಸೇರಿಸಿದರೆ ಎಲೆಯೇ ಔಷಧಿಯಾಗುತ್ತದೆ. ಪರೀಕ್ಷಾ ಹಂತದಲ್ಲೇ ವಿರೋಧ ಎದ್ದಿತ್ತು. 1998ರ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರಾಜ್ಯ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಪ್ರಯೋಗದ ಹತ್ತಿ ಗಿಡಗಳನ್ನು ಕಿತ್ತು ಸುಟ್ಟಿತು. 2002ರಲ್ಲಿ ಒಪ್ಪಿಗೆ ಸಿಕ್ಕ ಮೇಲೆ ಮಾತ್ರ ಬೀಜ ಕಾಳ್ಗಿಚ್ಚಿನಂತೆ ಹರಡಿತು. ಹಸಿರು ಕಾಯಿಕೊರಕಕ್ಕೆ ಹೊಡೆಯುವ ಔಷಧಿ ಕಡಿಮೆಯಾದದ್ದೂ ನಿಜ.

ಇನ್ನು ಐದು ಸಾಲಿನ ಲೆಕ್ಕ. ಕೋಟಿ ಹುಳುಗಳಲ್ಲಿ ಎಲ್ಲೋ ಒಂದೆರಡು ಹುಟ್ಟಿನಿಂದಲೇ ಈ ವಿಷಕ್ಕೆ ಜಗ್ಗದವು ಇರುತ್ತವೆ. ಹೊಲವೆಲ್ಲ ಬಿಟಿಯೇ ಆದರೆ ಬದುಕುಳಿಯುವುದು ಅವೇ. ಅವು ಅವುಗಳೊಂದಿಗೇ ಕೂಡಿ ಅಂಥವೇ ಮರಿಗಳನ್ನು ಹುಟ್ಟಿಸುತ್ತವೆ. ಪಕ್ಕದಲ್ಲಿ ಐದು ಸಾಲು ಸಾದಾ ಹತ್ತಿ ಇದ್ದರೆ ಅಲ್ಲಿ ಸಾವಿರಾರು ಸಾಧು ಹುಳುಗಳು ಹೊಟ್ಟೆತುಂಬ ತಿಂದು ಪತಂಗವಾಗುತ್ತವೆ. ಗಡುಸು ಪತಂಗಕ್ಕೆ ಜೊತೆ ಸಿಗುವುದು ಬಹುಪಾಲು ಈ ಸಾಧುಗಳೇ. ಅವುಗಳ ಮರಿಗಳು ಬಿಟಿ ಎಲೆ ತಿಂದರೆ ಸಾಯುತ್ತವೆ. ಹುಳುವಿಗೆ ಬಿಟ್ಟ ಪಾಲೇ ಉಳಿದ ಬೆಳೆಗೆ ಕಾವಲು.

ರೈತ ಬೇರೆ ಲೆಕ್ಕ ಹಾಕಿದ. ದುಬಾರಿ ಬೀಜ, ಗೇಣಿ, ಗೊಬ್ಬರ, ಕೂಲಿ ಎಲ್ಲ ಕೊಟ್ಟು ಹೊಲದ ಐದನೇ ಒಂದು ಪಾಲನ್ನು ಹುಳುವಿಗೆ ಬಿಡು ಎಂದರೆ ಎರಡೆಕರೆಯವನು ಏನು ಮಾಡಿಯಾನು? ಆ ಚಿಕ್ಕ ಪೊಟ್ಟಣದ ಬೀಜದ ಗುಣಮಟ್ಟದ ಬಗ್ಗೆಯೂ ದೂರುಗಳಿದ್ದವು. ಅದನ್ನು ಬಿತ್ತಿಸುವುದು ಮಾರಿದವರ ಹೊಣೆಯೂ ಆಗಲಿಲ್ಲ, ಮಾರಲು ಒಪ್ಪಿದವರ ಹೊಣೆಯೂ ಆಗಲಿಲ್ಲ. ರೈತ ನಿಯಮ ಮುರಿದ ಎಂದು ಬರೆಯುವುದು ಸುಲಭ. ಆ ನಿಯಮದ ಅರ್ಥವನ್ನು ಹೊಲದ ಬದುವಿಗೆ ಬಂದು ಹೇಳಿದವರು ಎಷ್ಟು ಮಂದಿ ಎಂದೂ ಕೇಳಬೇಕಾಗುತ್ತದೆ.

ಪರಿಣಾಮ ಕಂಡದ್ದು 2010ರಲ್ಲಿ. ಗುಜರಾತಿನ ಕೆಲವು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಮೊದಲ ಬಿಟಿ ಹತ್ತಿಗೆ ಜಗ್ಗುತ್ತಿಲ್ಲ ಎಂದು ಬೀಜ ಕಂಪನಿಯೇ ಒಪ್ಪಿಕೊಂಡಿತು. 2014-15ರ ಹೊತ್ತಿಗೆ ಎರಡು ವಂಶವಾಹಿಗಳ ಎರಡನೇ ಬಿಟಿ ಹತ್ತಿಯನ್ನೂ ಅದು ಗೆದ್ದಿತು. ಮುಂದಿನ ವರ್ಷಗಳಲ್ಲಿ ಕರ್ನಾಟಕದ ಹತ್ತಿ ಹೊಲಗಳಿಗೂ ಆ ತೊಂದರೆ ಬಂತು. ಸಾದಾ ಬೀಜವನ್ನು ಬಿಟಿಯ ಚೀಲದಲ್ಲೇ ಬೆರೆಸಿ ಕೊಡುವ ಕ್ರಮವನ್ನು ಸರ್ಕಾರ 2016ರಲ್ಲಿ ಪ್ರಕಟಿಸುವಾಗ ಹುಳು ಮುಂದೆ ಹೋಗಿಯಾಗಿತ್ತು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಔಷಧಿಗಳನ್ನೆಲ್ಲ ಗೆದ್ದ ಹಸಿರು ಕಾಯಿಕೊರಕ ಬಿಟಿಯೆದುರು ತಗ್ಗಿ, ಸಾಧುವೆನಿಸಿದ್ದ ಗುಲಾಬಿ ಕಾಯಿಕೊರಕ ಗೆದ್ದದ್ದು ಹೇಗೆ? ವಿಜ್ಞಾನಿಗಳು ಕೊಡುವ ಮುಖ್ಯ ಕಾರಣ ಆಸರೆ ಗಿಡದ್ದೇ. ಹಸಿರು ಕಾಯಿಕೊರಕ ತೊಗರಿ, ಕಡಲೆ, ಟೊಮೆಟೊ, ಸೂರ್ಯಕಾಂತಿ, ಜೋಳ ಏನು ಸಿಕ್ಕರೂ ತಿನ್ನುತ್ತದೆ. ನೂರಾರು ಗಿಡಗಳ ಮೇಲೆ ಬದುಕುವ ಹುಳುವಿದು. ರೈತ ಐದು ಸಾಲು ಬಿಡದಿದ್ದರೂ ಪಕ್ಕದವನ ತೊಗರಿ, ಹಿಂಗಾರಿಯ ಕಡಲೆ ಆ ಐದು ಸಾಲಿನ ಕೆಲಸ ಮಾಡಿದವು. ಗುಲಾಬಿ ಕಾಯಿಕೊರಕಕ್ಕೆ ಹತ್ತಿ ಬಿಟ್ಟರೆ ಹೆಚ್ಚಿನ ಗತಿಯಿಲ್ಲ. ಹತ್ತಿಯೆಲ್ಲ ಬಿಟಿಯಾದಾಗ ಬದುಕುವುದೋ ಸಾಯುವುದೋ ಎಂಬ ಸ್ಥಿತಿ ಬಂದದ್ದು ಅದಕ್ಕೆ. ಮೇಲಾಗಿ ನಮ್ಮ ದೀರ್ಘಾವಧಿ ಹೈಬ್ರಿಡ್‌ಗಳು ಫೆಬ್ರುವರಿವರೆಗೂ ಹಸಿರಾಗಿ ನಿಂತು ಅದನ್ನು ಸಾಕಿದವು. ಉರುವಲಿಗೆಂದು ಮನೆಯ ಹಿಂದೆ ಒಟ್ಟಿದ ಹತ್ತಿಕಟ್ಟಿಗೆಯ ಒಣ ಕಾಯಿಗಳಲ್ಲಿ, ಬೀಜದೊಳಗೆ ಮಲಗಿ ಅದು ಮುಂದಿನ ಮಳೆಗೆ ಕಾಯ್ದಿತು.

ಅದೇ ಹುಳು, ಅದೇ ಬಿಟಿ; ಅಮೆರಿಕದ ಅರಿಜೋನಾದಲ್ಲಿ ಬೇರೆಯೇ ಕತೆಯಾಯಿತು. ಅಲ್ಲಿ ದಶಕದ ಕಾಲ ಸಾದಾ ಹತ್ತಿಯ ಪಾಲನ್ನು ಕಟ್ಟುನಿಟ್ಟಾಗಿ ಬೆಳೆಸಿದರು. ಆಮೇಲೆ ಬಂಜೆ ಮಾಡಿದ ಪತಂಗಗಳನ್ನು ವಿಮಾನದಿಂದ ಬಿಟ್ಟರು. ಗುಲಾಬಿ ಕಾಯಿಕೊರಕ ತಮ್ಮ ಹತ್ತಿ ಸೀಮೆಯಿಂದ ನಿರ್ಮೂಲವಾಯಿತು ಎಂದು ಅಮೆರಿಕ 2018ರ ಅಕ್ಟೋಬರಿನಲ್ಲಿ ಸಾರಿತು.

ಕುಸನೂರಿನ ಗಾಯರಾಣ

ಹೊಲದ ಐದು ಸಾಲಿನ ಕೆಲಸವನ್ನು ಊರಿನ ಮಟ್ಟದಲ್ಲಿ ಮಾಡುತ್ತಿದ್ದುದು ಗಾಯರಾಣ, ಅಂದರೆ ಊರೊಟ್ಟಿನ ಹುಲ್ಲುಗಾವಲು. ಉಳುಮೆ ಕಾಣದ ಆ ನೆಲದಲ್ಲಿ ಕಕ್ಕೆ, ಮುತ್ತಲ, ತಂಗಡಿ, ಬೋರೆ, ಹತ್ತಾರು ಜಾತಿಯ ಹುಲ್ಲುಗಳಿದ್ದವು. ಹುಳುವಿಗೆ, ಹಕ್ಕಿಗೆ, ಕಣಜಕ್ಕೆ ಅಲ್ಲಿ ವರ್ಷವಿಡೀ ನೆಲೆ. ಈ ನೆಲದ ಮೇಲೆ 1984ರಲ್ಲಿ ಕಣ್ಣು ಬಿತ್ತು. ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಜಂಟಿಯಾಗಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಸ್ಥಾಪಿಸಿದವು. ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ವರ್ಗದ ಭೂಮಿಯಲ್ಲಿ ನೀಲಗಿರಿ ಬೆಳೆದು ಕಾರ್ಖಾನೆಗೆ ಕೊಡುವ ಯೋಜನೆ ಅದು.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಇದನ್ನು ಎದುರಿಸಿತು; ಡಾ. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಅರ್ಜಿಗೆ ಜೊತೆಯಾದರು. 1987ರ ನವೆಂಬರ್ 14ರಂದು ಹಿರೇಕೆರೂರಿನ ನೆರೆಯ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಜನ ಸೇರಿದರು. ಡೊಳ್ಳು, ಬ್ಯಾನರುಗಳೊಂದಿಗೆ ಮೆರವಣಿಗೆ ಹೊರಟು ವಿವಾದದ ನೆಲಕ್ಕೆ ಹೋಗಿ, ಮೊದಲು ನೀಲಗಿರಿ ಸಸಿ ಕಿತ್ತರು. ಬಳಿಕ ಅದೇ ಗುಣಿಯಲ್ಲಿ ಹಣ್ಣು, ಮೇವು ಕೊಡುವ ಸಸಿ ನೆಟ್ಟರು. ನೀರೆರೆದು ಸಾಕುತ್ತೇವೆಂದು ಪ್ರತಿಜ್ಞೆ ಮಾಡಿ ಊರಿಗೆ ಮರಳಿದರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಎಂದು ಅದು ದೇಶದ ಪರಿಸರ ಚಳವಳಿಯ ಚರಿತ್ರೆಯಲ್ಲಿ ಸೇರಿತು. ಹೆಚ್ಚು ವರ್ಷ ಹೋಗದೆ ಕಂಪನಿಯೇ ಮುಚ್ಚಿತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು.

ಅಲ್ಲಿ ಸೇರಿದ್ದವರು ಕೇಳಿದ್ದು ಮೇವು, ಸೌದೆ, ಹಣ್ಣನ್ನು. ಹುಳುವಿನ ಮಾತು ಯಾರೂ ಆಡಲಿಲ್ಲ, ಆಡಿದ್ದರೆ ನಗುತ್ತಿದ್ದರೇನೋ. ಆದರೆ ದನ ಮುಟ್ಟದ ನೀಲಗಿರಿ ಎಲೆಯನ್ನು ಇಲ್ಲಿನ ಬಹುಪಾಲು ಹುಳುಗಳೂ ಮುಟ್ಟುವುದಿಲ್ಲ. ಆಸ್ಟ್ರೇಲಿಯಾದ ಆ ಮರದ ಎಣ್ಣೆ, ಒಗರುಗಳೊಂದಿಗೆ ಅವಕ್ಕೆ ಹಳೆಯ ಪರಿಚಯವಿಲ್ಲ. ಹುಳುವಿಲ್ಲದ ತೋಪಿನಲ್ಲಿ ಮರಿಗೆ ಉಣಿಸಲು ಹಕ್ಕಿಗೆ ಸಿಗುವುದೂ ಅಷ್ಟಕ್ಕಷ್ಟೇ. ತಮಾಷೆಯೆಂದರೆ 2000ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾ ಮೂಲದ್ದೇ ಆದ ಗಂಟುಕಣಜ ದಕ್ಷಿಣ ಭಾರತಕ್ಕೆ ಬಂದು ನೀಲಗಿರಿಯ ಚಿಗುರುಗಳಲ್ಲಿ ಗಂಟು ಎಬ್ಬಿಸಿತು. ಗಿಡದ ಹಿಂದೆ ಅದರ ಹುಳು ತಡವಾಗಿಯಾದರೂ ಸಮುದ್ರ ದಾಟಿ ಬರುತ್ತದೆ.

ಲದ್ದಿ ಹುಳು

ಹಾಗೆ ಬಂದ ಇನ್ನೊಂದು ಹುಳು ಹಿರೇಕೆರೂರಿನವರಿಗೆ ಚೆನ್ನಾಗಿ ಪರಿಚಿತ. ಹತ್ತಿಯ ಖರ್ಚಿಗೆ ಹೆದರಿ, ಜೋಳಕ್ಕೆ ದರವಿಲ್ಲವೆಂದು ಬೇಸತ್ತ ರೈತರು ಕ್ರಮೇಣ ಗೋವಿನಜೋಳಕ್ಕೆ ಹೊರಳಿದರು. ದೇಶದ ಮೊದಲ ಹೈಬ್ರಿಡ್ ಗೋವಿನಜೋಳಗಳು ಬಂದದ್ದು 1961ರಲ್ಲಿ. ಕೋಳಿ ಆಹಾರ ಮತ್ತು ಸ್ಟಾರ್ಚ್ ಕಾರ್ಖಾನೆಗಳ ಬೇಡಿಕೆ ಅದನ್ನು ಮುಂಗಾರಿನ ಮುಖ್ಯ ಬೆಳೆಯಾಗಿಸಿತು. ಇಂದು ಹಾವೇರಿ ರಾಜ್ಯದಲ್ಲಿ ಅತಿ ಹೆಚ್ಚು ಗೋವಿನಜೋಳ ಬೆಳೆಯುವ ಜಿಲ್ಲೆಗಳಲ್ಲಿ ಒಂದು. ಜುಲೈ ತಿಂಗಳಲ್ಲಿ ಮಾಸೂರಿನ ಕಡೆಯಿಂದ ಹಂಸಭಾವಿಯ ಕಡೆ ಬಸ್ಸಿನಲ್ಲಿ ಹೋದರೆ ಕಿಟಕಿಯ ಎರಡೂ ಬದಿ ಹೆಚ್ಚಾಗಿ ಕಾಣುವುದು ಒಂದೇ ಹಸಿರು. ಅಕ್ಕಡಿ ಸಾಲು ಕಳೆನಾಶಕದ ಎದುರು ನಿಲ್ಲಲಿಲ್ಲ. ಬದುಗಳು ಕರಗಿದವು.

2018ರ ಮೇ ತಿಂಗಳಲ್ಲಿ ನೆರೆಯ ಶಿವಮೊಗ್ಗ ಜಿಲ್ಲೆಯ ಗೋವಿನಜೋಳದಲ್ಲಿ ಹೊಸ ಹುಳುವೊಂದು ಕಂಡಿತು. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದನ್ನು ಗುರುತಿಸಿದರು: ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಭಾರತದಲ್ಲಷ್ಟೇ ಅಲ್ಲ, ಇಡೀ ಏಷ್ಯಾದಲ್ಲೇ ಅದು ಮೊದಲ ವರದಿ. ಜಾನ್ ಅಬಟ್ ಬರೆದ, 1797ರ ಪುಸ್ತಕದಲ್ಲಿ ಬೆಳೆಹಾನಿ ಎಂಬ ಹೆಸರು ಪಡೆದ ಪತಂಗದ ಮರಿ ಇದೇ. 2016ರಲ್ಲಿ ಆಫ್ರಿಕಾ ಮುಟ್ಟಿ, ಎರಡೇ ವರ್ಷದಲ್ಲಿ ಇಲ್ಲಿಗೆ ಬಂದಿತ್ತು. ಪತಂಗ ಒಂದೇ ರಾತ್ರಿ ನೂರು ಕಿಲೋಮೀಟರ್ ಹಾರಬಲ್ಲದು. ಒಂದು ಹೆಣ್ಣು ಸಾವಿರಕ್ಕೂ ಹೆಚ್ಚು ಮೊಟ್ಟೆಯಿಡುತ್ತದೆ. 350ಕ್ಕೂ ಹೆಚ್ಚು ಗಿಡಗಳನ್ನು ತಿನ್ನಬಲ್ಲದಾದರೂ ಅದಕ್ಕೆ ಅಚ್ಚುಮೆಚ್ಚು ಗೋವಿನಜೋಳ. ಅಮೆರಿಕ ಖಂಡದಲ್ಲಿ ಹುಟ್ಟಿದ ಗಿಡ ನಾಲ್ಕೈದು ಶತಮಾನ ಮೊದಲೇ ಬಂದಿತ್ತು, ಹುಳು ಈಗ ಬಂತು. ಸುಳಿಯಲ್ಲಿ ಕೂತು ಎಲೆ ತಿಂದು, ಮರದ ಹೊಟ್ಟಿನಂಥ ಹಿಕ್ಕೆ ತುಂಬಿಡುವ ಅದಕ್ಕೆ ಈ ಭಾಗದ ರೈತರು ಲದ್ದಿ ಹುಳು ಎಂದು ಹೆಸರಿಟ್ಟರು. ಫಾಲ್ ಸೈನಿಕ ಹುಳು ಎಂಬ ಇಲಾಖೆಯ ಹೆಸರಿಗಿಂತ ಇದು ಹೆಚ್ಚು ನಿಖರ.

ಆ ಮುಂಗಾರಿನಲ್ಲಿ ಕೆಲವರು ಔಷಧಿ ಹೊಡೆದರು. ಕೆಲವರು ತೌಡು-ಬೆಲ್ಲ ಹುಳಿಸಿ ವಿಷ ಬೆರೆಸಿ ಸುಳಿಗೆ ಹಾಕಿದರು. ಹೊಸ ನಾಡಿನಲ್ಲಿ ಹುಳುವಿಗೆ ಶತ್ರುಗಳೇ ಇಲ್ಲವೆಂದು ಮೊದಲು ತಿಳಿಯಲಾಗಿತ್ತು. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯ ವಿಜ್ಞಾನಿಗಳು ಅದೇ ವರ್ಷ ಹೊಲಗಳಲ್ಲಿ ಹುಡುಕಿದಾಗ ಬೇರೆಯೇ ಕಂಡಿತು. ಮೊಟ್ಟೆಗೆ ಮುತ್ತುವ ಕಣಜಗಳು, ಹುಳುವಿನೊಳಗೆ ಬೆಳೆಯುವ ಕಣಜಗಳು, ಬಾಲದಲ್ಲಿ ಇಕ್ಕಳವಿರುವ ಹುಳುಗಳು ಆಗಲೇ ಕೆಲಸಕ್ಕೆ ಇಳಿದಿದ್ದವು. ತೊಗರಿ, ಕಡಲೆ, ಬದುವಿನ ಕಳೆಗಳ ಮೇಲಿನ ಊರ ಹುಳುಗಳನ್ನು ತಿಂದು ಬದುಕಿದ್ದ ಇವು ಹೊಸ ಅತಿಥಿಯನ್ನು ಬೇಗ ಗುರುತಿಸಿದ್ದವು. ಯಾರೂ ಲೆಕ್ಕಕ್ಕೆ ಹಿಡಿಯದ ಹುಳುಗಳು ಹಾಗೆ ಅವನ್ನು ಇಷ್ಟು ಕಾಲ ಸಾಕಿಟ್ಟಿದ್ದವು.

ಇವುಗಳ ಜೊತೆ ಒಂದು ಶಿಲೀಂಧ್ರವೂ ಇತ್ತು. ಶೇಂಗಾ, ಸೋಯಾಬೀನಿನ ಎಲೆ ತಿನ್ನುವ ಹುಳುಗಳ ಮೇಲೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮೊದಲಿನಿಂದಲೂ ಅಭ್ಯಾಸ ಮಾಡಿ, ಧಾನ್ಯದ ಮೇಲೆ ಬೆಳೆಸಿ ಪುಡಿಯಾಗಿ ಕೊಡುತ್ತಿದ್ದ ಶಿಲೀಂಧ್ರವದು. ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಗೋವಿನಜೋಳದ ಎಲೆಯ ಮೇಲೆ ಬೆಳ್ಳಗೆ ಸೆಟೆದು ಅಂಟಿಕೊಂಡ ಲದ್ದಿ ಹುಳು ಕಂಡರೆ ಅದು ಇದರದ್ದೇ ಕೆಲಸ. ನಾಲ್ಕಾರು ದಿನಕ್ಕೆ ಆ ಬಿಳುಪಿನ ಮೇಲೆ ತಿಳಿಹಸಿರು ಪುಡಿ ಮೂಡುತ್ತದೆ. ಗಾಳಿ ಅದನ್ನು ಮುಂದಿನ ಸಾಲಿಗೆ ಒಯ್ಯುತ್ತದೆ. ಒಂದೂ ಹುಳುವಿಲ್ಲದಂತೆ ಔಷಧಿ ಹೊಡೆದ ಹೊಲದಲ್ಲಿ ಆ ಪುಡಿಗೆ ಮೊಳೆಯಲು ಮೈ ಸಿಗುವುದಿಲ್ಲ.